ಮೂರುಬಿಸಿಲ ಬಂಡೆ

ಬೇರೆ ನೀರು ಕಂಡ ಬಲೆಯಾಗಲಿ, ಕೊಡವಾಗಲಿ, ಹರಿಗೋಲಾಗಲಿ, ಮೂರು ಬಿಸಿಲು ಒಣಗದೆ ಈ ನೀರಿಗೆ ಇಳಿಯಕೂಡದು. ಬೆಣಚಿಹಳ್ಳಿಯ ಹಿರೇಕೆರೆಗೆ ಇರುವುದು ಇದೊಂದೇ ಕಟ್ಟಳೆ. ಏರಿಯ ಮೂಡಣ ತುದಿಯಲ್ಲಿ, ತೂಬಿನ ಪಕ್ಕದಲ್ಲೇ, ಕಣದಷ್ಟು ಸಮತಟ್ಟಾದ ಒಂದು ಬಂಡೆಯಿದೆ. ನೀವು ಯಾವ ದಿನ ಹೋದರೂ ಅದರ ಮೇಲೆ ಒಂದೆರಡು ಬಲೆಗಳು ಹರವಿಕೊಂಡಿರುತ್ತವೆ. ಮೋಡ ಕವಿದ ದಿನ ಲೆಕ್ಕಕ್ಕಿಲ್ಲ. ಹೋದ ವರ್ಷ ರಬ್ಬರ್ ದೋಣಿ ತಂದ ಪ್ರವಾಸಿಯೊಬ್ಬರು "ತೊಳೆದೇ ತಂದಿದ್ದೇನೆ" ಎಂದು ವಾದಿಸಿದರು. "ತೊಳೆದರೆ ಸಾಲದು ಸ್ವಾಮಿ, ಒಣಗಬೇಕು" ಎಂದರು ಬಲೆಯವರು. ಪ್ರವಾಸಿ ಕಾದರು. ಕಾಯಲೇಬೇಕು, ಈ ಬಂಡೆಯ ಮೇಲೆ ಅವರಿಗಿಂತ ದೊಡ್ಡವರು ಕಾದಿದ್ದಾರೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಕೆರೆಯ ತೂಬು ತೆರೆದು ಮುಚ್ಚಿ ಗದ್ದೆಗದ್ದೆಗೆ ನೀರು ಹಂಚುವ ನೀರಗಂಟಿಕೆ ಸಿರಿಯಕ್ಕನೆಂಬ ವಿಧವೆಯ ಕೈಯಲ್ಲಿತ್ತು ಎನ್ನುತ್ತಾರೆ. ಕಟ್ಟಳೆ ಆಗಲೂ ಇತ್ತು, ಪಾಲಿಸುವವರಿರಲಿಲ್ಲ. ಬೆಸ್ತರ ಮೈಲಾರ ನೆರೆಯೂರ ಕೆರೆಯಿಂದ ಹಸಿ ಬಲೆ ತಂದು ನೇರ ಇಲ್ಲಿಗೇ ಬೀಸುತ್ತಿದ್ದ. ಆಕೆ ತಡೆದರೆ "ನೀರಿಗೆ ನೀರು ಮೈಲಿಗೆಯೇನಕ್ಕಾ?" ಎಂದು ನಗುತ್ತಿದ್ದ. ಗೌಡರ ಮನೆಯವರು ಮದುವೆಗೆಂದು ಹೊರಗಿನಿಂದ ತಂದ ಕೊಡಗಳನ್ನು ಇಲ್ಲೇ ತೊಳೆದರು. ಪೂಜಾರಿ ದೂರದ ಹೊಳೆಯಿಂದ ತುಂಬಿ ತಂದ ಕಳಶವನ್ನು ಕೆರೆಗೆ ಸುರಿದಾಗ, ದೇವರ ನೀರೆಂದು ಸಿರಿಯಕ್ಕನೂ ಸುಮ್ಮನಾದಳು. ತಪ್ಪು ತಪ್ಪೇ. ಆಕೆಯದೆಂದು ನಾನು ಅದನ್ನು ಮುಚ್ಚಿಡುವುದಿಲ್ಲ.

ಯಾರ ಕೈಯಿಂದ ಬಂದಿತೋ, ಆ ಮುಂಗಾರಿನಲ್ಲಿ ತೂಬಿನ ಬಳಿ ಅಂಗೈಯಗಲದ ಮೂರು ಹಸಿರು ಹೂವುಗಳಂತೆ ಅಂತರಗಂಗೆಯೆಂಬ ನೀರಕಳೆ ತೇಲುತ್ತಿತ್ತು. ಊರವರು ಗಂಗಮ್ಮನ ತುರುಬೆಂದು ಅರಿಸಿನ ಕುಂಕುಮ ಎರಚಿದರು. ಸಿರಿಯಕ್ಕ ಮಾತ್ರ ಅದರಿಂದ ಒಂದು ಗಿಡ ಎತ್ತಿ ದನಗಳ ಕಲ್ಲುಬಾನಿಯಲ್ಲಿ ಬಿಟ್ಟಳು. ಹುಣ್ಣಿಮೆಗೆ ಒಂದಿದ್ದದ್ದು ಅಮಾವಾಸ್ಯೆಗೆ ಎರಡಾಯಿತು, ಮತ್ತೊಂದು ಹುಣ್ಣಿಮೆಗೆ ನಾಲ್ಕು. ಆಕೆ ಊರನ್ನು ಕರೆದು ಬಾನಿ ತೋರಿಸಿದಳು. "ಇವತ್ತು ಬಾನಿ, ಬರುವ ವರ್ಷ ಕೆರೆ. ಈಗಲೇ ಕಿತ್ತರೆ ಒಂದು ಬುಟ್ಟಿ."

"ಸೊಪ್ಪು ನೋಡಿ ಶಾಸ್ತ್ರ ಹೇಳುತ್ತೀಯಲ್ಲಕ್ಕ" ಎಂದ ಮೈಲಾರ, "ಹಾಗಾದರೆ ನನ್ನ ಮಗಳ ಮದುವೆ ಯಾವಾಗ, ಅದನ್ನೂ ಹೇಳಿಬಿಡು."

"ಮೀನಿದ್ದರೆ ಮದುವೆ ತಮ್ಮಾ. ಮೊದಲು ಮೀನು ಉಳಿಸಿಕೋ."

ಮರುವರ್ಷ ದಂಡೆಯಿಂದ ದಂಡೆಗೆ ನೀರೇ ಕಾಣದಾಯಿತು. ಹಸಿರಿನ ಕೆಳಗೆ ಮೀನು ಉಸಿರುಗಟ್ಟಿ ತೇಲಿದವು, ತೂಬು ಕಟ್ಟಿಕೊಂಡು ಕೊನೆಗದ್ದೆಗಳ ಪೈರು ಒಣಗಿತು. ಊರವರು ಕುಡುಗೋಲು ಹಿಡಿದು ಇಳಿದು ಕೊಚ್ಚಿದರು. ಕೊಚ್ಚಿದ ಬುಡಗಳೆಲ್ಲ ಮತ್ತೆ ಚಿಗುರಿದವು. ಆಗ ಮೈಲಾರನೇ ಬಂದು ಆಕೆಯ ಬಾಗಿಲಲ್ಲಿ ಕೂತ. "ಹೇಳಕ್ಕ. ಈ ಸಲ ನಗೋದಿಲ್ಲ."

ನೀರು ತಗ್ಗುವ ಬೇಸಿಗೆಯವರೆಗೆ ಆಕೆ ಕಾಯಿಸಿದಳು. ಆಮೇಲೆ ಹುಲ್ಲಿನ ಹಗ್ಗ ಹೊಸೆಸಿ, ಕೆರೆಯ ಅಡ್ಡಕ್ಕೂ ಎಳೆಸಿ, ಗಾಳಿ ಬೀಸುವ ದಿಕ್ಕಿಗೇ ಹಸಿರನ್ನು ನೂಕಿಸಿ ಒಂದು ಮೂಲೆಗೆ ಒತ್ತರಿಸಿದಳು. ಒಂದು ಎಲೆಯನ್ನೂ ಹರಿಯದೆ ಬೇರು ಸಮೇತ ಎತ್ತಬೇಕು, ಬಂಡೆಯ ಮೇಲೆ ಹರವಬೇಕು, ಮೂರು ಬಿಸಿಲಿಗೆ ಒಣಗಿದ್ದನ್ನು ಸುಡಬೇಕು. ನಲವತ್ತು ದಿನ ಊರಿಗೆ ಊರೇ ನೀರಿನಲ್ಲಿ ನಿಂತಿತು. ನಲವತ್ತೊಂದನೆಯ ದಿನ ಕೆರೆಯಲ್ಲಿ ಆಕಾಶ ಕಂಡಿತು ಎನ್ನುತ್ತಾರೆ. ಅಷ್ಟಕ್ಕೇ ಆಕೆ ಬಿಡಲಿಲ್ಲ. ಮುಂದಿನ ಮಳೆಗಾಲವೆಲ್ಲ ದಿನವೂ ದಂಡೆ ಸುತ್ತಿ, ಕೆಸರಿನಲ್ಲಿ ಮೊಳೆತ ಕಡಲೆಯಷ್ಟು ಸಸಿಯನ್ನೂ ಹೆಕ್ಕಿದಳು. ಕೆರೆ ಕೋಡಿ ಬಿದ್ದಿತು, ಮೀನು ಹೊರಳಿದವು, ಮೈಲಾರನ ಮಗಳ ಮದುವೆಯೂ ನಡೆಯಿತು.

ಗೆದ್ದ ಕೆರೆಗೆ ಬಾಗಿನ ಬಿಡಲು ಪಾಳೆಯಗಾರನೇ ಹೊರಟುಬಂದ. ಅರಮನೆಯ ಕೊಳದಲ್ಲಿ ತೇಲುತ್ತಿದ್ದ ಹರಿಗೋಲು ಗಾಡಿಯ ಮೇಲೆ ಮುಂದೆ ಬಂತು; ತಳದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ನಲವತ್ತು ದಿನ ದುಡಿದ ಜನ ಅದನ್ನು ಕಂಡೂ ತಲೆ ತಗ್ಗಿಸಿ ದಾರಿ ಬಿಟ್ಟರು. "ಸುಮ್ಮನಿರಕ್ಕ, ನಿನ್ನ ನೀರಗಂಟಿಕೆ ಹೋದೀತು, ಉಂಬಳಿ ಗದ್ದೆಯೂ ಹೋದೀತು" ಎಂದು ಮೈಲಾರ ಪಿಸುಗುಟ್ಟಿದ. ಸಿರಿಯಕ್ಕ ಗಾಡಿಗೆ ಅಡ್ಡ ನಿಂತಳು.

"ಯಾರ ಹರಿಗೋಲೆಂದು ಗೊತ್ತೇನೇ ಮುದುಕಿ?" ಎಂದು ದಳವಾಯಿ ಅಬ್ಬರಿಸಿದ.

"ಗೊತ್ತು. ಒದ್ದೆಯದು" ಎಂದಳು ಆಕೆ. ದೊರೆಯ ಕಡೆ ತಿರುಗಿ, "ಒಮ್ಮೆ ದೇವರ ಕಳಶವೆಂದು ಬಿಟ್ಟೆ, ಬುದ್ಧಿ. ಇನ್ನು ಯಾರಿಗೂ ಬಿಡಲಾರೆ."

ದೊರೆ ಡೇರೆ ಹಾಕಿಸಿದ. ಮೂರಲ್ಲ, ಐದು ದಿನ ಕಾದ. ಎರಡು ದಿನ ಮೋಡವಿತ್ತು. ಅಂದಿನಿಂದ ಅದು ಮೂರುಬಿಸಿಲ ಬಂಡೆ.

ಈಗ ನೋಡಹೋದವರಿಗೆ ಬಂಡೆಯ ನಡುವೆ ಸುಣ್ಣ ಬಳಿದಂತೆ ಬೆಳ್ಳನೆಯ ಒಂದು ವರ್ತುಲ ಕಾಣುತ್ತದೆ. ನಾನು ಅಳೆದಿದ್ದೇನೆ: ಐದು ಮೊಳಕ್ಕೆ ಒಂದು ಗೇಣು ಕಡಿಮೆ. ಊರವರು ಕಾಲಿಡದೆ ಅದನ್ನು ಬಳಸಿ ನಡೆಯುತ್ತಾರೆ. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ, ದಳವಾಯಿಯ ಕಣ್ಣೆದುರೇ, ಸಿರಿಯಕ್ಕ ದೊರೆಯ ಹರಿಗೋಲನ್ನು ಗಾಡಿಯಿಂದ ಒಬ್ಬಳೇ ಎಳೆದು ತಂದು, ತಳ ಮೇಲೆ ಮಾಡಿ ಬಿಸಿಲಿಗೆ ಬೋರಲು ಹಾಕಿದ್ದು ಅಲ್ಲೇ.