ನಗಾರಿಯ ತೊಗಲು

"ಗುರುಗಳೇ, ಒಂದು ನಾಡನ್ನು ಕಾಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಮರುದಿನ ಅವನು ಅರಸನ ಮಂತ್ರಿಯಾಗಿ ಹೊರಡುವವನಿದ್ದ. ನೆರೆನಾಡಿನ ಗಡಿಯುದ್ದಕ್ಕೂ ಕೋಟೆ ಎಬ್ಬಿಸಬೇಕೇ ಬೇಡವೇ ಎಂದು ಮೊದಲ ಸಭೆಯಲ್ಲೇ ಅವನು ತನ್ನ ಮಾತು ಹೇಳಬೇಕಿತ್ತು. ಅರಸ ಅವನಿಗೊಂದು ಮನೆಯನ್ನೂ ಕೊಟ್ಟಿದ್ದ. ಬೆಳಗಿನಿಂದ ಅವನು ಕೂತಲ್ಲಿ ಕೂರಲಾರದೆ ಅಂಗಳದಲ್ಲಿ ಶತಪಥ ತುಳಿಯುತ್ತಿದ್ದ.

"ಮೊದಲು ಕೂತುಕೋ. ನಿನ್ನನ್ನು ನೋಡಿ ನನಗೇ ತಲೆ ಸುತ್ತುತ್ತಿದೆ" ಎಂದರು ಗುರುಗಳು. ಅವನು ಕೂತ ಮೇಲೆ ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಎರಡು ಊರುಗಳಿದ್ದವು. ಬೆಟ್ಟದಿಂದ ಇಳಿದ ಹೊಳೆ ಮೊದಲು ಮೇಲೂರನ್ನು ದಾಟಿ ಆಮೇಲೆ ಕೆಳಗಿನೂರಿಗೆ ಬರುತ್ತಿತ್ತು. ನೆರೆ ಬಂದರೆ ಮೊದಲು ಕಾಣುವುದು ಮೇಲೂರಿನವರಿಗೆ. ಕಂಡೊಡನೆ ಅವರು ಬಂಡೆಯ ಮೇಲಿದ್ದ ನಗಾರಿ ಬಾರಿಸುತ್ತಿದ್ದರು. ಆ ಸದ್ದಿಗೆ ಕೆಳಗಿನೂರಿನ ದಡದ ಮಂದಿ ಮಕ್ಕಳನ್ನೂ ದನಕರುಗಳನ್ನೂ ಕರೆದುಕೊಂಡು ದಿಬ್ಬ ಹತ್ತುತ್ತಿದ್ದರು. ದಿಬ್ಬದ ಮೇಲೆ ಗೌಡನ ಮನೆಯಿತ್ತು, ಅವನ ನೆಂಟರ ಮನೆಗಳಿದ್ದವು.

ನಗಾರಿ ಇದ್ದದ್ದು ಮೇಲೂರಿನಲ್ಲಿ. ಅದಕ್ಕೆ ಬಿಗಿಯುವ ತೊಗಲು ಮಾತ್ರ ಕೆಳಗಿನೂರಿನದು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ತೊಗಲು ಹೋಗಬೇಕು. ಯಾರ ಜೀವ ಉಳಿಯುತ್ತದೋ ಅವರೇ ತೊಗಲು ಕೊಡಬೇಕೆಂಬುದು ವಾಡಿಕೆ. ದಡದ ಮೊದಲ ಮನೆಯಲ್ಲಿದ್ದ ಒಬ್ಬ ಮುದುಕಿ ಅದನ್ನು ಹದ ಮಾಡಿ ಕಳಿಸುತ್ತಿದ್ದಳು.

ಒಂದು ವರ್ಷ ದೂರದ ಬಂದರಿನಿಂದ ಒಬ್ಬ ವ್ಯಾಪಾರಿ ಗಾಡಿಯ ತುಂಬ ಈಟಿ ಹೇರಿಕೊಂಡು ಬಂದ. ಕಾಡುಹಂದಿಯ ಕಾಟಕ್ಕೆಂದು ಮೇಲೂರಿನವರು ಹತ್ತು ಈಟಿ ಕೊಂಡರು. ವ್ಯಾಪಾರಿ ಕೆಳಗಿನೂರಿಗೆ ಬಂದು, "ಮೇಲೂರಿನವರು ಹತ್ತು ಕೊಂಡರು" ಎಂದ. ಇವರು ಇಪ್ಪತ್ತು ಕೊಂಡರು. ಅವನು ತಿರುಗಿ ಹೋಗಿ ಅಲ್ಲಿ ಅದನ್ನೂ ಹೇಳಿದ. ಒಂದೇ ಒಂದು ಸುಳ್ಳು ಹೇಳಲಿಲ್ಲ, ಪುಣ್ಯಾತ್ಮ. ಗಾಡಿ ಖಾಲಿ ಮಾಡಿಕೊಂಡು ಹೊರಟುಹೋದ.

ಆಮೇಲೆ ಎರಡೂ ಊರಿನವರಿಗೆ ನೆಮ್ಮದಿ ಇಲ್ಲದಾಯಿತು. ಕೆಳಗಿನೂರಿನವರು ದಾರಿಗೆ ಅಡ್ಡಲಾಗಿ ಮುಳ್ಳುಬೇಲಿ ಹಾಕಿ ಕಾವಲು ಕೂರಿಸಿದರು. ಅಷ್ಟರಲ್ಲಿ ತೊಗಲು ಕಳಿಸುವ ಹೊತ್ತು ಬಂತು. ಗೌಡ ಊರನ್ನು ಸೇರಿಸಿ, "ಇನ್ನು ಮೇಲೆ ತೊಗಲು ಕಳಿಸೋದು ಬೇಡ. ಅವರು ಅದರಲ್ಲಿ ಗುರಾಣಿ ಮಾಡ್ಕೊಂಡು ನಮ್ಮ ಮೇಲೇ ಬರ್ತಾರೆ" ಎಂದ.

ಮುದುಕಿ ಎದ್ದು ನಿಂತಳು. "ಗೌಡ್ರೇ, ಅವರು ನಗಾರಿ ಬಾರ್ಸೋದು ನಮಗೋಸ್ಕರ. ಅವರಿಗೇನು, ನೀರು ಕಣ್ಣಿಗೇ ಕಾಣುತ್ತೆ. ತೊಗಲು ನಿಲ್ಲಿಸಿದ್ರೆ ದಡದಲ್ಲಿರೋ ನಾವು ಸಾಯ್ತೀವಿ."

"ಊರಿನ ಕ್ಷೇಮದ ವಿಚಾರ ನಿನಗೇನು ಗೊತ್ತಾಗುತ್ತೆ? ಹೋಗಿ ನಿನ್ನ ಕೆಲಸ ನೋಡ್ಕೋ" ಎಂದ ಗೌಡ.

ಅವಳ ಕೆಲಸವೇ ಅದಾಗಿತ್ತು. ಆ ವರ್ಷದ ತೊಗಲು ಕಾವಲುಗಾರರ ಗುರಾಣಿಗಳಿಗೆ ಹೋಯಿತು. ಕಾಯುವವರು ಕೈಯಲ್ಲಿ ಹಿಡಿದದ್ದು ಊರನ್ನು ಕಾಯಬೇಕಾಗಿದ್ದ ತೊಗಲನ್ನೇ. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನೆರೆ ಬಂತು. ಮೇಲೂರಿನ ನಗಾರಿಯವನು ಬಂಡೆಗೆ ಓಡಿದ. ಹಗೆಯಿದ್ದರೂ ಅವನು ವಾಡಿಕೆ ಬಿಟ್ಟಿರಲಿಲ್ಲ. ಹಳೆಯ ತೊಗಲು ಎರಡನೆಯ ಪೆಟ್ಟಿಗೇ ಹರಿಯಿತು. ಅವನು ಕೋಲು ಬಿಸಾಡಿ ಕೆಳಗಿನೂರಿನ ದಾರಿ ಹಿಡಿದು ಓಡಿದ. ಬೇಲಿಯ ಹತ್ತಿರ ಕಾವಲುಗಾರರು ಅವನನ್ನು ಹಿಡಿದರು.

"ನೀರು ಬರ್ತಿದೆ, ಅಣ್ಣಾ! ದಡ ಖಾಲಿ ಮಾಡಿಸಿ!" ಎಂದು ಅವನು ಕೂಗಿದ.

"ನಾವು ಆ ಕಡೆ ಓಡಬೇಕು, ನಿಮ್ಮವರು ಈ ಕಡೆ ನುಗ್ಗಬೇಕು, ಅಲ್ವಾ?" ಎಂದು ಅವರು ನಕ್ಕರು. ಅವನ ಕೈ ಕಟ್ಟಿ ದಿಬ್ಬಕ್ಕೆ ಕರೆದೊಯ್ದರು. ನಿಮ್ಮೂರಿನಲ್ಲಿ ಈಗ ಎಷ್ಟು ಈಟಿಗಳಿವೆ ಎಂದು ಗೌಡ ಅವನನ್ನು ವಿಚಾರಿಸುತ್ತಿದ್ದಾಗ ನೀರು ಬಂತು. ದಡದಲ್ಲಿದ್ದ ಏಳೂ ಮನೆಗಳು ಜನರ ಸಮೇತ ಹೋದವು. ಮೊದಲು ಹೋದದ್ದು ಮುದುಕಿಯ ಮನೆ. ಗೌಡನ ಮನೆಯ ಹೊಸ್ತಿಲೂ ನೆನೆಯಲಿಲ್ಲ.

ನೀರು ಇಳಿದ ಮೇಲೆ ಗೌಡ ಮತ್ತೆ ಊರನ್ನು ಸೇರಿಸಿದ. ನೆರೆ ಬರುವ ಹೊತ್ತಿನಲ್ಲೂ ಮೈಮರೆಯದೆ ಗೂಢಚಾರನನ್ನು ಹಿಡಿದರೆಂದು ಕಾವಲುಗಾರರಿಗೆ ಶಾಲು ಹೊದಿಸಿದ. ದೇವರ ದಯೆ, ಊರು ಉಳಿಯಿತು ಎಂದ. ಅಲ್ಲಿ ಕೂತಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಅಲ್ಲವೆನ್ನುವವರು ಯಾರೂ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೂತಿರಲಾರದೆ ಎದ್ದು ನಿಂತ.

"ಇದರಲ್ಲಿ ತಪ್ಪು ಯಾರದು? ವ್ಯಾಪಾರಿಯದೋ, ಕಾವಲುಗಾರರದೋ, ಗೌಡನದೋ? ಹೇಳಿ ಗುರುಗಳೇ, ನಾಳೆ ಸಭೆಯಲ್ಲಿ ನಾನು ಮಾತಾಡಬೇಕು."

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: "ಅರಸ ನಿನಗೆ ಕೊಟ್ಟಿರುವ ಮನೆ ದಿಬ್ಬದ ಮೇಲಿದೆಯೋ, ದಡದಲ್ಲಿದೆಯೋ?"