ಹಾಳೆ ಬಿಡಿಸದೆ ಓದುವ ಮಂತ್ರ

ಆಲದ ಮರದ ಶಾಲೆಯಲ್ಲಿ ಮಕ್ಕಳಿಗೆ ಪುಸ್ತಕ ಆರಿಸಿ ಕೊಡುವ ಕೆಲಸ ಓತಿಕ್ಯಾತನದು. ಯಾವ ಪುಸ್ತಕ ತೋರಿಸಿದರೂ ತಲೆಯಾಡಿಸಿ, "ಬಹಳ ಚೆನ್ನಾಗಿದೆ" ಎನ್ನುವುದು ಅವನ ರೂಢಿ. ಓದಿ ನೋಡುವ ರೂಢಿ ಮಾತ್ರ ಇರಲಿಲ್ಲ.

ಒಂದು ದಿನ ಐದನೇ ತರಗತಿಯ ಅಳಿಲುಮರಿ ಬಂದು, "ಮಾಯಾಲೋಕದ ಕಾದಂಬರಿ ಬೇಕಿತ್ತು, ಮೇಷ್ಟ್ರೇ. ದಪ್ಪಗಿದ್ದರೂ ಓದುತ್ತೇನೆ" ಎಂದಿತು.

ರಕ್ಷಾಪುಟದ ಮೇಲೆ ರೆಕ್ಕೆಯ ಹುಲಿಯಿದ್ದ ಪುಸ್ತಕವೊಂದನ್ನು ಓತಿಕ್ಯಾತ ಎತ್ತಿಕೊಟ್ಟ. "ಇದನ್ನು ಮೂರು ಸಲ ಓದಿದ್ದೇನೆ. ಕೊನೆಯಲ್ಲಂತೂ ಅತ್ತೇಬಿಟ್ಟೆ."

ಮರುದಿನ ಬೆಳಗ್ಗೆಯೇ ಮರಿ ಓಡಿ ಬಂದು ಪುಸ್ತಕ ಬಿಚ್ಚಿ ತೋರಿಸಿತು. ಅಚ್ಚುಕೂಟದವರು ಅಂಚು ಕತ್ತರಿಸುವುದನ್ನೇ ಮರೆತಿದ್ದರು. ಮೊದಲಿನಿಂದ ಕೊನೆಯವರೆಗೂ ಹಾಳೆಗಳು ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಮರಿಯ ಕಣ್ಣಲ್ಲಿ ಅನುಮಾನದ ಸುಳಿವೂ ಇರಲಿಲ್ಲ.

"ಮೇಷ್ಟ್ರೇ, ಹಾಳೆ ಬಿಡಿಸದೆ ಓದುವ ಮಂತ್ರ ನಿಮಗೆ ಗೊತ್ತು! ನನಗೂ ಹೇಳಿಕೊಡಿ."

ಓತಿಕ್ಯಾತನ ಕತ್ತು ಕೆಂಪಗಾಯಿತು. ರೂಢಿಯಂತೆ ಆಡಿಸಲು ಹೋದ ತಲೆ ತಗ್ಗಿತು, ಮತ್ತೆ ಏಳಲಿಲ್ಲ.

"ಅಂಥ ಮಂತ್ರ ಇಲ್ಲ, ಮಗು. ನಾನು ಓದಿಲ್ಲ."

ಮರಿ ಮೊದಲ ಹಾಳೆಯ ಅಂಚನ್ನು ಹಲ್ಲಿನಿಂದ ಬಿಡಿಸಿ, ಪುಸ್ತಕವನ್ನು ಅವನ ಮುಂದಿಟ್ಟಿತು.

"ಹಾಗಾದರೆ ಮೊದಲು ನೀವು ಓದಿ, ಮೇಷ್ಟ್ರೇ. ನಾನು ಕಾಯುತ್ತೇನೆ."