ಕೇತವ್ವ ಹೇಳಿಕೊಂಡದ್ದು

ಹೊಳೆದಂಡೆಯ ಆಶ್ರಮದಲ್ಲಿ ಅಜ್ಜಯ್ಯ ಎಂಬ ಗುರುಗಳಿದ್ದರು. ಶಿಷ್ಯರಲ್ಲಿ ಹಾಲೇಶನ ಮೇಲೆ ಅವರಿಗೆ ಅಕ್ಕರೆ ಹೆಚ್ಚು.

ಹಾಲೇಶನದು ಮಾತು ಕಡಿಮೆ. ಎದುರಿಗೆ ಕೂತವರು ಹೇಳಿದ್ದನ್ನು ಕೊನೆತನಕ ಕೇಳುತ್ತಿದ್ದ. ಆಶ್ರಮಕ್ಕೆ ಬಂದವರು ಅಜ್ಜಯ್ಯನವರ ಕಾಲಿಗೆ ಬಿದ್ದು, ಮನಸ್ಸಿನ ಗಂಟನ್ನು ಮಾತ್ರ ಹಾಲೇಶನ ಮುಂದೆ ಬಿಚ್ಚುತ್ತಿದ್ದರು.

ಒಮ್ಮೆ ಸೋಪಿನ ಕಂಪನಿಯವರು ಬಂದರು. ಹೊಳೆಯಾಚೆ ಮೇದರ ಕೇರಿ. ಬಿದಿರು ಸೀಳಿ ಬುಟ್ಟಿ ಹೆಣೆದು ಬದುಕುವ ಬಡಜನ. ಆ ಜನ ಎಂಥ ಸೋಪನ್ನು ಆಸೆಪಟ್ಟು ಕೊಳ್ಳುತ್ತಾರೆ ಎಂದು ಕಂಪನಿಗೆ ತಿಳಿಯಬೇಕಿತ್ತು.

"ನಾವು ಹೋದರೆ ಬಾಯೇ ಬಿಡೋದಿಲ್ಲ. ನೀವು ಆಶ್ರಮದವರು, ನಿಮ್ಮ ಹತ್ತಿರ ಹೇಳ್ತಾರೆ," ಎಂದರು ಹಾಲೇಶನಿಗೆ.

ಹಾಲೇಶ ಗುರುಗಳ ಬಳಿಗೆ ಬಂದ.

"ಬಡವರ ಕಷ್ಟ ಕೇಳೋರೇ ಇಲ್ಲ ಅಜ್ಜಯ್ಯ. ಇವರು ಕೇಳ್ತೀವಿ ಅಂತಿದ್ದಾರೆ. ಹೋಗಿ ಬರಲಾ?"

"ಕಷ್ಟ ಕೇಳೋಕೆ ಹೋಗ್ತೀಯೋ, ಸೋಪಿನ ವಿಚಾರ ಕೇಳೋಕೋ?"

"ಎರಡೂ ಒಂದೇ ಅಲ್ವಾ?"

ಅಜ್ಜಯ್ಯ ಹೊಳೆಯ ಕಡೆ ನೋಡಿದರು. ಬೇಡ ಅನ್ನಲಿಲ್ಲ.

ಮೇದರ ಕೇರಿಯಲ್ಲಿ ಕೇತವ್ವ ಎಂಬಾಕೆ ಅವನನ್ನು ಕರೆದು ಕೂರಿಸಿದಳು. "ಬಾ ತಮ್ಮಾ, ಇಲ್ಲೇ ನೆರಳಿಗೆ ಕೂತ್ಕೋ."

ಅವನು ದಿನವೂ ಹೋಗಿ ಕೂತ. ಮೈಗೆ ಏನು ಹಚ್ಚುತ್ತೀರಿ, ಬಟ್ಟೆಗೆ ಏನು ಹಾಕುತ್ತೀರಿ ಎಂದು ಕೇಳಿದ. ಆಕೆ ಬಿದಿರು ಸೀಳುತ್ತಲೇ ಉತ್ತರ ಕೊಟ್ಟಳು. ಒಂದು ದಿನ ಕತ್ತಿ ಕೆಳಗಿಟ್ಟಳು.

"ನನ್ನ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬಂದಿದ್ರು ತಮ್ಮಾ. ಪಟ್ಟಣ ಸೇರಿದ ನಮ್ಮ ಜನಾನೇ. ಹುಡುಗನ ತಾಯಿ ಒಳಗೆ ಕಾಲಿಟ್ಟವಳೇ ಸೆರಗು ಮೂಗಿಗೆ ಹಿಡಿದಳು. ನೆನೆಹಾಕಿದ ಬಿದಿರಿನ ವಾಸನೆ. ನಮ್ಮ ಮೈಗೂ ಹತ್ತಿರುತ್ತೆ. ಕೊಟ್ಟ ನೀರನ್ನೂ ಮುಟ್ಟದೆ ಎದ್ದು ಹೋದ್ರು."

"ಆಮೇಲೆ?"

"ಹುಡುಗ ಸರಿಯಿಲ್ಲ, ನಾವೇ ಒಪ್ಪಲಿಲ್ಲ ಅಂತ ಕೇರಿಗೆಲ್ಲ ಹೇಳಿದೀನಿ. ನಿಜ ಹೇಳಿದ್ದು ನಿನಗೊಬ್ಬನಿಗೇ."

ಕಣ್ಣೊರೆಸಿಕೊಂಡು ಒಳಗೆ ಹೋಗಿ, ಅವನಿಗೆ ಬೆಲ್ಲದ ಚಹಾ ಮಾಡಿ ತಂದಳು.

ಹಾಲೇಶ ಅದನ್ನೂ ಕಂಪನಿಯವರಿಗೆ ಹೇಳಿದ. ಅವರ ಮುಖ ಅರಳಿತು.

"ಇದೇ ನೋಡಿ ನಮಗೆ ಬೇಕಾಗಿದ್ದಿದ್ದು!"

"ಆಕೆಯ ಹೆಸರು ಮಾತ್ರ ಎಲ್ಲೂ ಬರಬಾರದು," ಎಂದ ಹಾಲೇಶ.

"ಛೆ ಛೆ, ಹೆಸರು ಕಟ್ಟಿಕೊಂಡು ನಮಗೇನಾಗಬೇಕು?"

ಮಳೆಗಾಲ ಮುಗಿಯುತ್ತಲೇ ಸಂತೆಗೆ ಬಣ್ಣದ ವ್ಯಾನು ಬಂತು. ಮೈಕಿನಲ್ಲಿ ಹೆಣ್ಣುದನಿ ಉಲಿಯಿತು: "ಬಿದಿರಿನ ವಾಸನೆಗೆ ಬೀಗರು ನೀರೂ ಮುಟ್ಟದೆ ಎದ್ದು ಹೋದರೇ? ಇನ್ನು ಚಿಂತೆ ಬಿಡಿ ಅಕ್ಕಾ!"

ಆ ವರ್ಷ ಕೇರಿಯಲ್ಲಿ ಹೆಣ್ಣು ನೋಡಲು ಬಂದಿದ್ದು ಒಂದೇ ಮನೆಗೆ. ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ.

ಸಂತೆಯಲ್ಲಿ ಜನ ಬುಟ್ಟಿ ಎತ್ತಿ ಮೂಸಿ, ನಕ್ಕು, ಕೆಳಗಿಟ್ಟು ಹೋಗತೊಡಗಿದರು. ಕೇತವ್ವನ ಮಗಳು ಸಂತೆಗೆ ಬರುವುದನ್ನೇ ಬಿಟ್ಟಳು.

ಸೋಪು ಮಾತ್ರ ಚೆನ್ನಾಗಿ ಖರ್ಚಾಯಿತು. ಮೇದರ ಕೇರಿಯ ಹೆಂಗಸರೇ ಕೊಂಡರು. ಕೇತವ್ವನೂ ಕೊಂಡಳು.

ಸುದ್ದಿ ಕೇಳಿ ಹಾಲೇಶ ಕೇತವ್ವನ ಮನೆಗೆ ಓಡಿದ. ಹಿತ್ತಲ ಬಚ್ಚಲಲ್ಲಿ ಯಾರೋ ಮೈ ಉಜ್ಜಿಕೊಳ್ಳುವ ಸದ್ದು. ನಿಲ್ಲುತ್ತಲೇ ಇರಲಿಲ್ಲ. ಕೇತವ್ವ ಬಾಗಿಲಿಗೆ ಅಡ್ಡವಾಗಿ ನಿಂತಳು.

"ಕೇತವ್ವಾ, ನನ್ನಿಂದ..."

"ಸೋಪು ಚೆನ್ನಾಗಿದೆ ಸಾರ್," ಎಂದಳು. "ನೊರೆ ಬರುತ್ತೆ. ಘಮಘಮ ಅನ್ನುತ್ತೆ. ಇನ್ನೇನು ಕೇಳಬೇಕಿತ್ತು?"

ತಮ್ಮಾ ಅನ್ನಲಿಲ್ಲ. ಕೂತ್ಕೋ ಅನ್ನಲಿಲ್ಲ.

ಹಾಲೇಶ ಆಶ್ರಮಕ್ಕೆ ಮರಳಿ ಗುರುಗಳ ಮುಂದೆ ಕುಸಿದು ಕೂತ.

"ನೀವು ಯಾಕೆ ಬೇಡ ಅನ್ನಲಿಲ್ಲ ಅಜ್ಜಯ್ಯ?"

"ಅನ್ನಬೇಕಾಗಿತ್ತು. ನನ್ನ ಶಿಷ್ಯನ ಮುಂದೆ ಎಲ್ಲರೂ ಮನಸ್ಸು ಬಿಚ್ಚುತ್ತಾರೆ ಅನ್ನೋ ಹೆಮ್ಮೆ ನನಗೆ. ಸುಮ್ಮನಿದ್ದುಬಿಟ್ಟೆ."

ಹಾಲೇಶ ಅತ್ತ. ಕಂಪನಿಯವರ ಮುಖ ಅರಳಿದಾಗ ತನಗೂ ಒಳಗೊಳಗೆ ಹಿಗ್ಗಾಗಿತ್ತು ಎಂದ. ಯಾರಿಗೂ ಹೇಳಬಾರದೆಂದು ಮುಚ್ಚಿಟ್ಟುಕೊಂಡಿದ್ದನ್ನೆಲ್ಲ ಹೇಳಿದ.

ಅಜ್ಜಯ್ಯ ನಡುವೆ ಬಾಯಿ ಹಾಕದೆ ಕೇಳಿದರು. ಅಳು ನಿಲ್ಲುವವರೆಗೂ ಕಾದರು.

"ಈಗ ಹೇಗಿದೆ?"

"ನಿಮ್ಮ ಹತ್ತಿರ ಹೇಳಿಕೊಂಡ ಮೇಲೆ ಎದೆ ಸ್ವಲ್ಪ ಹಗುರಾಯ್ತು ಅಜ್ಜಯ್ಯ."

"ಆಕೆಗೂ ಅವತ್ತು ಹಾಗೇ ಆಗಿತ್ತು ಕಣೋ."